ಕತ್ತರಿಸಿ ಬಿಟ್ಟ ತುಣುಕು

"ಇನ್ನೊಂದು ಸಲ ಹಾಕು," ಎಂದರು ಅತ್ತೆ.

ಕಾಲೇಜಿನ ಎಡಿಟಿಂಗ್ ಕೋಣೆಯಲ್ಲಿ ಕತ್ತರಿ ಎಂಬ ಅಡ್ಡಹೆಸರಿನ ಹುಡುಗಿ ಮತ್ತೆ ಗುಂಡಿ ಒತ್ತಿದಳು. ಪರದೆಯ ಮೇಲೆ ಮತ್ತೆ ಅದೇ ಮುಖ. ಕೆಲಸದ ಮೇಜಿನ ಮೇಲೆ ಬಾಗಿದ್ದ ತರುಣ ತಲೆ ಎತ್ತುತ್ತಾನೆ. ತಕ್ಷಣ ಗಾಜಿನ ಬೀರುವಿನೊಳಗೆ ಒಂದು ಹಳೆಯ ಪಿಟೀಲು. ಮತ್ತೆ ತರುಣನ ಕಣ್ಣು. ಈ ಸಲ ಅದರಲ್ಲಿ ಆಸೆ ತುಂಬಿ ತುಳುಕುತ್ತಿದೆ, ಬಾಯಾರಿದವನು ನೀರು ಕಂಡ ಹಾಗೆ. ಆ ಕಣ್ಣು ಪರದೆಯ ಮೇಲಿರುವಾಗಲೇ ಟಿಕ್ ಎಂದು ಬೀಗ ತೆರೆದ ಸದ್ದು.

ಇಷ್ಟೇ. ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟು ಹೊತ್ತೂ ಇಲ್ಲ. ಆದರೆ ಒಬ್ಬನ ಮಾನ ಹರಾಜಾಗಲು ಅಷ್ಟು ಸಾಕಾಗಿತ್ತು.

ನಿನ್ನೆ ಕಾಲೇಜಿನ ಸಭಾಂಗಣದಲ್ಲಿ ವಿದ್ಯಾರ್ಥಿಗಳ ಚಿತ್ರಪ್ರದರ್ಶನ ನಡೆಯುತ್ತಿದ್ದಾಗ, ವಾದ್ಯ ರಿಪೇರಿ ಅಂಗಡಿಯ ಯಜಮಾನರು ಕತ್ತಲಲ್ಲೇ ಎದ್ದು ನಿಂತು, "ನನ್ನ ಬೀರುವಿನ ಪಿಟೀಲು ಕದ್ದವನು ಇವನೇ! ನೋಡಿ ಅವನ ಕಣ್ಣು!" ಎಂದು ಕೂಗಿದ್ದರು. ಇವನು ಎಂದರೆ ಅವರದೇ ಅಂಗಡಿಯ ಕೆಲಸಗಾರ. ಚಿತ್ರ ಮಾಡಿದ ಕತ್ತರಿಯ ಒಡಹುಟ್ಟಿದ ಅಣ್ಣ. ಆ ಅಂಗಡಿಯಲ್ಲೇ ಮೂರು ದಿನ ತೆಗೆದ ಚಿತ್ರ ಅದು; ಮೂರನೇ ದಿನದ ಮರುದಿನ ಬೆಳಗ್ಗೆಯೇ ಪಿಟೀಲು ಕಳುವಾಯಿತೆಂದು ಯಜಮಾನರು ಕೂಗೆಬ್ಬಿಸಿದ್ದರು. ಇವತ್ತು ಅಂಗಡಿಯ ಬಾಗಿಲು ಹಾಕುವುದರೊಳಗೆ ಪಿಟೀಲು ಬರದಿದ್ದರೆ ಯಜಮಾನರು ನೇರ ಪೊಲೀಸ್ ಠಾಣೆಗೆ ಹೋಗುವವರಿದ್ದರು.

ಅತ್ತೆಗೆ ಠಾಣೆ ಹೊಸದಲ್ಲ. ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ತಮ್ಮ ಮತ್ತು ಅವನ ಹೆಂಡತಿ ಇಲ್ಲವಾದ ಮೇಲೆ ಅವರ ಇಬ್ಬರು ಮಕ್ಕಳನ್ನು ತಾವೇ ಸಾಕಿದವರು. ದೊಡ್ಡವನನ್ನು ಮನೆಯಲ್ಲಿ ದೊಡ್ಡವನು ಎಂದೇ ಕರೆಯುತ್ತಿದ್ದರು. ಚಿಕ್ಕವಳಿಗೆ ಕತ್ತರಿ ಎಂಬ ಹೆಸರು ಬಿದ್ದದ್ದು ಅವಳು ಎಡಿಟಿಂಗ್ ಕಲಿಯಲು ಶುರು ಮಾಡಿದ ಮೇಲೆ. ಕಳ್ಳರ ಮನೆಯವರ ಮುಂದೆ ಖಡಕ್ಕಾಗಿ ಕೂತು ಅಭ್ಯಾಸವಿದ್ದ ಅತ್ತೆಗೆ, ಇವತ್ತು ತಾವೇ ಆ ಮನೆಯವರಾಗಿ ಕೂತಿರುವುದು ಹೊಸದು.

"ಇದರಲ್ಲಿ ಯಾವುದು ಯಾವತ್ತಿನದು, ಬಿಡಿಸಿ ಹೇಳು," ಎಂದರು.

"ಅಣ್ಣನ ಕಣ್ಣು ಎರಡನೇ ದಿನದ್ದು ಅತ್ತೆ. ಬೀರುವಿನಲ್ಲಿರೋ ಪಿಟೀಲು ಮೂರನೇ ದಿನದ್ದು."

"ಬೀಗದ ಸದ್ದು?"

"ಅದೂ ಮೂರನೇ ದಿನದ್ದೇ. ನಾನು ಕೇಳ್ಕೊಂಡೆ ಅಂತ ಯಜಮಾನರೇ ಬೀರು ತೆಗೆದು ತೋರಿಸಿದ್ದು. ಮುಂದಿನ ದೃಶ್ಯದ ಸದ್ದನ್ನ ಒಂದು ಚೂರು ಮೊದಲೇ ಎಳೆದು ಹಾಕಿದ್ರೆ, ನೋಡೋರು ತಾವಾಗೇ ಮುಂದಕ್ಕೆ ಜಾರ್ತಾರೆ. ಕ್ಲಾಸಲ್ಲಿ ಹೇಳಿಕೊಟ್ಟಿದ್ದು."

"ಅಂದ್ರೆ ಅವನು ಪಿಟೀಲು ನೋಡ್ಲೇ ಇಲ್ಲ. ಬೀಗಾನೂ ಅವನು ತೆಗೀಲಿಲ್ಲ. ಎಲ್ಲಿಂದಲೋ ಮೂರು ತುಂಡು ತಂದು ನೀನು ಅವನಿಗೆ ಕಳ್ಳನ ವೇಷ ಹಾಕಿದ್ದೀಯ."

ಕತ್ತರಿಯ ತುಟಿ ಅದುರಿತು. "ಚೆನ್ನಾಗಿ ಕಾಣುತ್ತೆ ಅಂತ ಮಾಡಿದ್ದು ಅತ್ತೆ. ಅವನು ವಾದ್ಯಗಳನ್ನ ಎಷ್ಟು ಪ್ರೀತಿಸ್ತಾನೆ ಅಂತ ತೋರಿಸೋಕೆ."

"ಗೊತ್ತು ಬಿಡು. ನಾನು ಸರ್ವೀಸಿನಲ್ಲಿ ಹೀಗೆ ಸಾಕ್ಷಿ ಹೊಲಿದಿದ್ರೆ ಮನೆಗೆ ಕಳಿಸ್ತಿದ್ರು. ನಿನಗೆ ಬಹುಮಾನ ಕೊಟ್ಟಿದ್ದಾರೆ. ಅಷ್ಟೇ ವ್ಯತ್ಯಾಸ."

ಹುಡುಗಿ ಅಳುತ್ತಲೇ ನಕ್ಕುಬಿಟ್ಟಳು. ಅತ್ತೆಗೆ ಬೇಕಾಗಿದ್ದದ್ದೂ ಅದೇ. ಅವರು ಅವಳ ಬೆನ್ನ ಮೇಲೆ ಕೈಯಿಟ್ಟರು. ಕೂತಿದ್ದ ತಿರುಗುವ ಕುರ್ಚಿ ತನ್ನಷ್ಟಕ್ಕೆ ಎಡಕ್ಕೆ ಹೊರಳಿತು. ಕಾಲೂರಿ ಅದನ್ನು ಹದ್ದುಬಸ್ತಿಗೆ ತಂದರು.

ಯಜಮಾನರಿಗೆ ಈ ಮೂರು ತುಂಡನ್ನು ಬಿಡಿಬಿಡಿಯಾಗಿ ತೋರಿಸಿಬಿಡಬಹುದು. ಆದರೆ ಅವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಪಿಟೀಲು ಅಲ್ಲದಿದ್ದರೆ, ಅಷ್ಟು ಆಸೆಯಿಂದ ಅವನು ನೋಡಿದ್ದಾದರೂ ಏನನ್ನು? ಅತ್ತೆ ಅದನ್ನು ಬೆಳಗ್ಗೆಯೇ ದೊಡ್ಡವನ ಹತ್ತಿರ ಕೇಳಿದ್ದರು. ಅವನು ತಿಂದ ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು, "ಕೇಳಬೇಡಿ ಅತ್ತೆ" ಎಂದು ಕೆಲಸಕ್ಕೆ ಹೊರಟುಹೋಗಿದ್ದ. ಬಾಯಿಗೆ ಬೀಗ ಹಾಕಿಕೊಂಡವನ ಮೇಲೆ ಊರು ಅನುಮಾನಪಡದೆ ಇನ್ನೇನು ಮಾಡುತ್ತದೆ?

"ಚಿತ್ರದಲ್ಲಿ ಇಟ್ಟಿದ್ದು ಸಾಕು," ಎಂದರು ಅತ್ತೆ. "ನೀನು ಬಿಸಾಕಿದ್ದನ್ನ ತೋರಿಸು. ಆ ಕಣ್ಣಿನ ಹಿಂದು ಮುಂದು."

ಅಷ್ಟರಲ್ಲಿ ಬಾಗಿಲು ತೆರೆಯಿತು. ಎಡಿಟಿಂಗ್ ಮೇಷ್ಟ್ರು ಎರಡೂ ಕೈಯಲ್ಲಿ ಒಂದೊಂದು ಟೀ ಲೋಟ ಹಿಡಿದು ಒಳಗೆ ಬಂದು, ಹಿಮ್ಮಡಿಯಿಂದ ಬಾಗಿಲನ್ನು ಹಿಂದಕ್ಕೆ ಒದ್ದು ಮುಚ್ಚಿದರು. ಕೈ ಖಾಲಿ ಇದ್ದಾಗಲೂ ಅವರು ಬಾಗಿಲು ಹಾಕುವುದು ಹಾಗೆಯೇ. ಇಡೀ ತರಗತಿ ಅವರ ಬೆನ್ನ ಹಿಂದೆ ಅದನ್ನು ಅಣಕಿಸಿ ತೋರಿಸುತ್ತದೆ, ಪ್ರೀತಿಯಿಂದಲೇ.

"ಕುಡೀರಿ ಮೇಡಂ. ಮರಿ, ನೀನೂ ಕುಡಿ. ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಂತ ಮುಖವೇ ಹೇಳ್ತಿದೆ." ಅವರು ಪರದೆಯತ್ತ ಬಗ್ಗಿ ನೋಡಿದರು. "ಯಾವ ಕ್ಲಿಪ್ ನೋಡ್ತಿದ್ದೀರಿ?"

"ಅಣ್ಣಂದು ಸಾರ್."

"ನೋಡು ನೋಡು. ಪಾಪ, ಒಳ್ಳೆ ಹುಡುಗ. ಮೂರನೇ ದಿನ ನಾನು ಬೆಳಕು ಹೇಗೆ ಬೀಳುತ್ತೆ ನೋಡೋಕೆ ಅಂಗಡಿಗೆ ಹೋಗಿದ್ದಾಗ ನನಗೆ ಕುರ್ಚಿ ಹಾಕಿ ಕೂರಿಸಿದ್ದ." ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಹೋಗುವಾಗ ಶೂಟ್ ಮಾಡಿದ್ದೆಲ್ಲ ಇರೋ ಡಿಸ್ಕನ್ನ ನನ್ನ ಕೈಗೆ ಕೊಟ್ಟು ಹೋಗು. ಬ್ಯಾಗಿನಲ್ಲಿ ಹಾಕ್ಕೊಂಡು ಓಡಾಡಿದ್ರೆ, ಒಂದು ಸಲ ಬಿದ್ರೆ ಮುಗೀತು. ನನ್ನ ಕೋಣೇಲಿ ಬೀಗ ಹಾಕಿ ಇಡ್ತೀನಿ."

ಅವರು ಹೋದ ಮೇಲೆ ಕತ್ತರಿ, "ಅಪ್ಪ ಇದ್ದಿದ್ರೆ ಹೀಗೇ ಇರ್ತಿದ್ರೇನೋ ಅನ್ಸುತ್ತೆ ಅತ್ತೆ," ಎಂದಳು. ಅತ್ತೆ ಟೀ ಕುಡಿದರು. ಟೀಯೂ ಚೆನ್ನಾಗಿಯೇ ಇತ್ತು.

ಕಣ್ಣಿನ ಕ್ಲಿಪ್ಪನ್ನು ಪೂರ್ತಿ ತೆರೆದರು. ಚಿತ್ರದಲ್ಲಿ ಇದ್ದದ್ದು ಅದರ ನಡುವಿನ ಒಂದು ಚೂರು ಮಾತ್ರ. ತಲೆ, ಬಾಲ ಎರಡೂ ಕತ್ತರಿಯ ಬಾಯಿಗೆ ಹೋಗಿದ್ದವು.

"ಸದ್ದು ಎಲ್ಲಿ?"

"ಫ್ಯಾನ್ ಸದ್ದು ಜಾಸ್ತಿ ಇತ್ತು, ಮುಚ್ಚಿಬಿಟ್ಟಿದ್ದೆ. ಕೇಳೋಕೂ ಹೋಗಲಿಲ್ಲ. ಆಗ ಕ್ಯಾಮೆರಾ ಹಚ್ಚಿಟ್ಟು ನಾನು ಬ್ಯಾಟರಿ ತರೋಕೆ ಆಚೆ ಹೋಗಿದ್ದೆ ಅತ್ತೆ."

"ಬಿಚ್ಚು."

ಮೊದಲು ಫ್ಯಾನಿನ ಗರಗರ. ಅದರ ಕೆಳಗೆ ತಂತಿ ಮೀಟಿದ ಸದ್ದು. ಆಮೇಲೆ ಒಂದು ಹುಡುಗಿಯ ದನಿ.

"ಈಗ ನೋಡಿ, ಸರಿ ಇದ್ಯಾ?"

"ಇನ್ನು ಕೂದಲೆಳೆಯಷ್ಟು ಮೇಲೆ..." ಇದು ದೊಡ್ಡವನ ದನಿ. "ಹಾಂ. ನಿಲ್ಲಿಸಿ. ಸಾಕು."

"ಅಪ್ಪನಿಗೆ ಗೊತ್ತಾದ್ರೆ?"

"ಗೊತ್ತಾಗ್ಲಿ ಅಂತಾನೇ ಅಲ್ವಾ ಇಷ್ಟು ಕಷ್ಟಪಟ್ಟು ಮಾಡಿದ್ದು?"

ಹುಡುಗಿ ನಕ್ಕಳು. ಪರದೆಯ ಮೇಲೆ ದೊಡ್ಡವನು ತಲೆ ಎತ್ತಿದ್ದು ಆ ನಗುವಿಗೆ. ಆ ಕಣ್ಣು ಅರಳಿದ್ದು ಆ ನಗು ನಿಲ್ಲುವವರೆಗೆ.

ಕತ್ತರಿ ಕ್ಲಿಪ್ಪನ್ನು ನಿಲ್ಲಿಸಿದಳು.

"ಯಜಮಾನರ ಮಗಳು," ಎಂದಳು ಕತ್ತರಿ ಪಿಸುದನಿಯಲ್ಲಿ. "ಗಲ್ಲಾದಲ್ಲಿ ಕೂತ್ಕೋತಾರಲ್ಲ, ಅವರು. ಅತ್ತೆ! ನಮ್ಮ ಅಣ್ಣ! ಮನೇಲಿ ಉಪ್ಪು ಬೇಕಾ ಅಂತ ಕೇಳಿದ್ರೂ ತಲೆ ಆಡಿಸೋ ಪ್ರಾಣಿ!"

"ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡೀತಂತೆ," ಎಂದರು ಅತ್ತೆ. ಗದರುವ ದನಿಯಲ್ಲಿ ಹೇಳಲು ಹೋದರು, ಆಗಲಿಲ್ಲ. ಎದೆಯೊಳಗೆ ಏನೋ ಬೆಚ್ಚಗಾಗಿತ್ತು. ತಾಯಿಯಿಲ್ಲದ ಹುಡುಗ, ಯಾರ ಮುಂದೆಯೂ ಕೈ ಚಾಚದವನು, ಒಬ್ಬರನ್ನು ಇಷ್ಟು ಆಸೆಯಿಂದ ನೋಡಬಲ್ಲ ಎಂದು ಅವರಿಗೇ ಗೊತ್ತಿರಲಿಲ್ಲ.

ಆದರೆ ಅವರೊಳಗಿನ ಇನ್ಸ್‌ಪೆಕ್ಟರ್ ಇನ್ನೂ ನಿವೃತ್ತಿಯಾಗಿರಲಿಲ್ಲ. ಮಾಡಿದ್ದು ಎಂದನಲ್ಲ. ಏನು ಮಾಡಿದ್ದು?

"ಪಿಟೀಲು ಇನ್ನೆಲ್ಲೆಲ್ಲಿ ಬರುತ್ತೆ ಈ ಚಿತ್ರದಲ್ಲಿ?"

ಕತ್ತರಿ ಕಣ್ಣೊರೆಸಿಕೊಂಡು ತನ್ನ ಹೆಮ್ಮೆಯ ಜಾಗಕ್ಕೆ ಬಂದಳು. ಮೊದಲ ದಿನ ಯಜಮಾನರು ಪಿಟೀಲನ್ನು ಮೇಜಿನ ಮೇಲೆ ಇಟ್ಟು ಮೆಲ್ಲಗೆ ತಿರುಗಿಸುತ್ತಾರೆ. ಅದು ನೇರಕ್ಕೆ ಬಂದ ಕ್ಷಣಕ್ಕೆ ಸರಿಯಾಗಿ ಚಿತ್ರ ಬದಲಾಗುತ್ತದೆ. ಅದೇ ಅಳತೆ, ಅದೇ ಓರೆ, ಅದೇ ಜಾಗದಲ್ಲಿ ಪಿಟೀಲು, ಆದರೆ ಈಗ ಬೀರುವಿನೊಳಗೆ. ಇದಕ್ಕೆ ಮ್ಯಾಚ್ ಕಟ್ ಎನ್ನುತ್ತಾರೆ. ಎರಡು ದಿನದ ನಡುವೆ ಹೊಲಿಗೆ ಎಲ್ಲಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ.

"ಇದಕ್ಕೇ ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು."

"ಆ ಹೊಲಿಗೆ ಹತ್ತಿರ ನಿಲ್ಲಿಸು. ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ತೋರಿಸು."

ಕತ್ತರಿ ಹಿಂದಕ್ಕೆ ಒಂದು ಚಿತ್ರ, ಮುಂದಕ್ಕೆ ಒಂದು ಚಿತ್ರ ಸರಿಸುತ್ತಾ ಹೋದಳು. ಮೇಜು, ಬೀರು. ಮೇಜು, ಬೀರು. ಪಿಟೀಲು ಕದಲದೆ ಅಲ್ಲೇ ನಿಂತಿತ್ತು. ಗಲ್ಲ ಇಡುವ ಕಡೆಯ ಕಂದು ಕಲೆಯೂ ಕದಲಲಿಲ್ಲ.

ಆದರೆ ಏನೋ ಒಂದು ಕದಲುತ್ತಿತ್ತು.

ಅತ್ತೆ ಕನ್ನಡಕ ತೆಗೆದು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಸದ್ದು ಹೊರಡೋ ಈ ಸೀಳಿನ ಕೆಳತುದಿ ನೋಡು. ಮೇಜಿನ ಮೇಲಿದ್ದಾಗ ಮರದ ಒಂದು ಎಳೆ ಬಂದು ಸೀಳಿನೊಳಕ್ಕೇ ಹೋಗುತ್ತೆ. ಬೀರುವಿನಲ್ಲಿ ಅದೇ ಎಳೆ ಪಕ್ಕದಲ್ಲಿ ಹಾದುಹೋಗುತ್ತೆ."

"ಬೆಳಕಿನ ವ್ಯತ್ಯಾಸ ಇರಬಹುದು ಅತ್ತೆ."

"ಬೆಳಕು ಬಣ್ಣ ಬದಲಾಯಿಸುತ್ತೆ, ಎಳೆ ಬದಲಾಯಿಸಲ್ಲ. ಆಯುಷ್ಯವೆಲ್ಲ ಬೆರಳಚ್ಚು ನೋಡಿದವಳು ಕಣೇ ನಾನು. ಕಲೆ ಹಚ್ಚಬಹುದು. ಎಳೆ ಹಚ್ಚೋಕಾಗಲ್ಲ."

ಕತ್ತರಿ ನಿಧಾನವಾಗಿ ಕುರ್ಚಿಗೆ ಒರಗಿದಳು. "ಹಾಗಾದ್ರೆ ಪಿಟೀಲು ಎರಡು."

"ಎರಡು. ಬೀರುವಿನಿಂದ ಹೋಗಿದ್ದು ಎರಡನೆಯದು. ಆ ಅಂಗಡಿಯಲ್ಲೇ ಮಾಡಿದ್ದು."

ಹುಡುಗಿಯ ಮುಖ ಬಿಳಿಚಿತು. "ಇಂಥ ಕೆಲಸ ಬರೋದು ಇಬ್ಬರಿಗೆ ಮಾತ್ರ ಅತ್ತೆ. ಯಜಮಾನರು. ಇಲ್ಲಾಂದ್ರೆ ಅಣ್ಣ."

ಉಳಿಸಲು ಹುಡುಕಿದ ಹಗ್ಗವೇ ಕುತ್ತಿಗೆಗೆ ಬರುವ ಹಾಗೆ ಕಾಣುತ್ತಿತ್ತು. ಅತ್ತೆ ಎದ್ದರು. "ಚಿತ್ರವನ್ನಷ್ಟೇ ನಿನ್ನ ಲ್ಯಾಪ್‌ಟಾಪಿಗೆ ಹಾಕ್ಕೋ. ಆ ಕಣ್ಣಿನ ಕ್ಲಿಪ್ಪು ಬೇಡ."

"ಅಣ್ಣನನ್ನ ಉಳಿಸೋದೇ ಅದಲ್ವಾ!"

"ಅದು ಅವರಿಬ್ಬರ ಸ್ವತ್ತು. ಅವರಾಗಿ ಕೊಟ್ಟರೆ ತಗೋಬೇಕು, ನಾವು ಬೀದಿಗೆ ಹಾಕಬಾರದು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ನಡಿ."

ಕತ್ತರಿ ಡಿಸ್ಕನ್ನು ಮೇಷ್ಟ್ರ ಕೈಗೆ ಕೊಟ್ಟಳು. ಅವರು ಅವಳ ತಲೆ ಸವರಿ ಕಳಿಸಿದರು.

*

ಅಂಗಡಿಯ ತುಂಬ ಮರ ಅಂಟಿಸಲು ಕಾಯಿಸಿದ ಸರೇಸಿನ ವಾಸನೆ. ಗೋಡೆಯ ಉದ್ದಕ್ಕೂ ತಂತಿ ಕಳಚಿದ ವಾದ್ಯಗಳು ತೂಗುತ್ತಿದ್ದವು. ಮೇಲೆ ಅಟ್ಟ, ಅದಕ್ಕೆ ಒರಗಿಸಿದ ಏಣಿ. ದೊಡ್ಡವನು ಮೇಜಿನ ಮುಂದೆ ಕೂತು, ಯಾರದೋ ಮುರಿದ ಕಮಾನಿಗೆ ನೂಲು ಸುತ್ತುತ್ತಿದ್ದ. ಕಳ್ಳ ಎಂದು ಹೆಸರು ಹೊತ್ತ ದಿನವೂ ಕೈಯಲ್ಲಿದ್ದ ಕೆಲಸವನ್ನು ಅರ್ಧಕ್ಕೆ ಬಿಟ್ಟಿರಲಿಲ್ಲ. ಗಲ್ಲಾದಲ್ಲಿ ಯಜಮಾನರ ಮಗಳು. ಅವಳ ಹೆಬ್ಬೆರಳಿಗೆ ಪಟ್ಟಿ ಅಂಟಿಸಿತ್ತು.

"ಪಿಟೀಲು ತಂದ್ರಾ?" ಎಂದರು ಯಜಮಾನರು. ಕುತ್ತಿಗೆಯ ದಾರದಲ್ಲಿ ಬೀರುವಿನ ಕೀಲಿ ತೂಗುತ್ತಿತ್ತು. ಅವರ ಎಡಗೈ ತೋರುಬೆರಳಿಗೆ ತುದಿಯಿರಲಿಲ್ಲ. ಎಂದೋ ಉಳಿಗೆ ಹೋದದ್ದು.

"ಚಿತ್ರ ತಂದಿದ್ದೀವಿ."

"ನಿನ್ನೆ ನೋಡಿದ್ದು ಸಾಕು ಮೇಡಂ. ನಿಮ್ಮ ಮೇಲೆ ಗೌರವ ಇದೆ. ಆದರೆ ನಾಳೆ ಅದನ್ನ ರಿಪೇರಿಗೆ ಕೊಟ್ಟ ಮುದುಕಿ ತಾಯಿ ಬಂದು ನನ್ನ ಪಿಟೀಲು ಎಲ್ಲಿ ಅಂತಾರೆ. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಅದನ್ನೇ ನುಡಿಸಿದವರು. ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?"

"ಒಂದೇ ಒಂದು ನೋಡಿ." ಅತ್ತೆ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟರು. ಕತ್ತರಿ ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ತಂದು ನಿಲ್ಲಿಸಿದಳು. "ಇದರಲ್ಲಿ ಯಾವುದು ಮೊದಲ ದಿನದ್ದು, ಯಾವುದು ಕೊನೆಯ ದಿನದ್ದು, ಹೇಳ್ತೀರಾ?"

ಯಜಮಾನರು ಕನ್ನಡಕಕ್ಕೂ ಕೈ ಹಾಕಲಿಲ್ಲ. "ದಿನ ಗಿನ ನನಗೇನು ಗೊತ್ತು? ಎಡಗಡೆಯದು ಅಸಲಿ. ಬಲಗಡೆಯದು ನಕಲಿ."

ದೊಡ್ಡವನ ಕೈಯಲ್ಲಿದ್ದ ನೂಲು ನಿಂತಿತು.

ಅತ್ತೆ ಅವಸರಪಡಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಕೂತರು. ಆಮೇಲೆ ಮೃದುವಾಗಿ, "ಯಜಮಾನರೇ, ಪಿಟೀಲು ಎರಡಿದೆ ಅಂತ ನಾನಿನ್ನೂ ಹೇಳೇ ಇಲ್ಲವಲ್ಲ," ಎಂದರು.

ಯಜಮಾನರ ಕೈ ತಾನಾಗಿ ಕುತ್ತಿಗೆಯ ಕೀಲಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಅತ್ತೆ ಅದನ್ನು ಎಷ್ಟೋ ಸಲ ನೋಡಿದ್ದರು, ಪ್ರತಿ ಸಲವೂ ಅವರಿಗೆ ಪಾಪ ಎನಿಸುತ್ತಿತ್ತು.

"ಬೀರು ಒಡೆದಿರಲಿಲ್ಲ. ಕೀಲಿ ನಿಮ್ಮ ಎದೆ ಮೇಲೇ ಇತ್ತು. ಅದನ್ನ ತೆಗೆದದ್ದು ನೀವೇ ಅಲ್ವಾ?"

"ಹೌದು." ಯಜಮಾನರು ಕೀಲಿಯಿಂದ ಕೈ ತೆಗೆದರು. "ನಾನೇ ತೆಗೆದೆ. ಹಗಲೆಲ್ಲ ಕ್ಯಾಮೆರಾ ಮುಂದೆ ಅದನ್ನ ಹೊಗಳಿದವನು ನಾನೇ. ಇಂಥ ಕೈ ಈಗ ಎಲ್ಲಿದೆ ಅಂತ. ರಾತ್ರಿ ಒಬ್ಬನೇ ಇದ್ದಾಗ ತೆಗೆದು ಬೆರಳಿನ ಗೆಣ್ಣಿನಲ್ಲಿ ತಟ್ಟಿದೆ. ಹೊಸ ಮರದ ದನಿ! ಕಣ್ಣಿಗೆ ಮೋಸ ಆಗಿತ್ತು, ಕಿವಿಗೆ ಆಗಲಿಲ್ಲ. ಅಸಲಿ ಹೊಡೆದುಕೊಂಡು ನಕಲಿ ಇಟ್ಟಿದ್ದಾನೆ ಅಂತ ಗೊತ್ತಾಯ್ತು. ನಕಲಿ ಅಡಗಿಸಿಟ್ಟು, ಕಳುವಾಯ್ತು ಅಂತ ಕೂಗಿದೆ. ಯಾರು ಬೆಚ್ಚುತ್ತಾರೆ ನೋಡೋಣ ಅಂತ. ಇವನು ಬೆಚ್ಚಿದ. ಇಂಥ ನಕಲು ಮಾಡೋ ಕೈ ಇವನೊಬ್ಬನದೇ ಮೇಡಂ. ನಾನೇ ಕಲಿಸಿದ ಕೈ!"

ಕೊನೆಯ ಮಾತು ಬೈಗುಳದಂತೆ ಬರಲಿಲ್ಲ, ಅಳುವಿನಂತೆ ಬಂತು. ಹೊರಗಿನವನು ಕದ್ದಿದ್ದರೆ ಈ ಮನುಷ್ಯ ಇಷ್ಟು ಕೂಗುತ್ತಿರಲಿಲ್ಲ ಎಂದು ಅತ್ತೆಗೆ ಅರ್ಥವಾಯಿತು.

"ಹೇಳೋ," ಎಂದರು ಯಜಮಾನರು ದೊಡ್ಡವನ ಕಡೆ ತಿರುಗಿ. "ಯಾಕೆ ಮಾಡಿದೆ?"

ದೊಡ್ಡವನು ಬಾಯಿ ತೆರೆದ. ಗಲ್ಲಾದ ಕಡೆ ನೋಡಲೇ ಇಲ್ಲ. "ನಾನೇ ಮಾಡಿದ್ದು ಯಜಮಾನರೇ. ಠಾಣೆಗೆ ಹೋಗೋಣ ನಡೀರಿ."

"ಸುಳ್ಳು," ಎಂದಿತು ಗಲ್ಲಾದ ಕಡೆಯಿಂದ ಒಂದು ದನಿ.

ಯಜಮಾನರ ಮಗಳು ಎದ್ದು ನಿಂತಿದ್ದಳು. "ಅದನ್ನ ಮಾಡಿದ್ದು ನಾನು ಅಪ್ಪ."

"ಇವನನ್ನ ಉಳಿಸೋಕೆ ಏನೇನೋ ಹೇಳಬೇಡ ಮಗಳೇ."

ಅವಳು ಹತ್ತಿರ ಬಂದು ಹೆಬ್ಬೆರಳಿನ ಪಟ್ಟಿ ಕಿತ್ತು ಕೈ ಚಾಚಿದಳು. "ತರಕಾರಿ ಹೆಚ್ಚುವಾಗ ಕುಯ್ದುಕೊಂಡೆ ಅಂದೆನಲ್ಲ. ಇದು ಚಾಕುವಿನದಾ, ಉಳಿಯದಾ? ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ?"

ಯಜಮಾನರು ಆ ಗಾಯವನ್ನು ನೋಡಿದರು. ಓರೆಯಾಗಿ, ಉಗುರಿನ ಬುಡಕ್ಕೆ ಬಿದ್ದ ಗಾಯ. ಅವರ ತುದಿಯಿಲ್ಲದ ಬೆರಳು ಅದರ ಪಕ್ಕಕ್ಕೆ ಬಂದು ನಿಂತಿತು.

"ನೀವು ಊಟಕ್ಕೆ ಹೋದಾಗ ಕಲಿತೆ. ಇವರು ಕಲಿಸಿದ್ರು. ಉಳಿ ಹಿಡಿಯೋಕೆ ಬಿಡಲ್ಲ ಅಂದಿದ್ರಿ ನೀವು. ಒಂದೇ ಒಂದು ದಿನ ಬೀರುವಿನಲ್ಲಿ ಇಟ್ಟು, ನೀವು ಅಸಲಿ ಅಂತ ಹೊಗಳಿದ ಮೇಲೆ ನಿಜ ಹೇಳಬೇಕು ಅಂದ್ಕೊಂಡಿದ್ವಿ. ನೀವು ಮಲಗಿದ್ದಾಗ ಕೀಲಿ ತಗೊಂಡವಳು ನಾನೇ. ನೀವು ಹೊಗಳಿದ್ರಿ ಅಪ್ಪ. ನಾನು ಇಲ್ಲೇ ಗಲ್ಲಾದಲ್ಲಿ ಕೂತು ಕೇಳಿಸ್ಕೊಂಡೆ. ಬೆಳಗ್ಗೆ ಹೇಳೋಣ ಅಂತ ಬಂದ್ರೆ ನೀವು ಕಳುವಾಯ್ತು ಅಂತ ಕೂಗ್ತಿದ್ರಿ."

"ನೀವು ಹೇಳಬಾರದಿತ್ತು," ಎಂದ ದೊಡ್ಡವನು ಮೆಲ್ಲಗೆ. "ಇನ್ನು ನಿಮಗೆ ಉಳಿ ಮುಟ್ಟೋಕೆ ಬಿಡಲ್ಲ."

ಅತ್ತೆ ಕತ್ತರಿಯ ಕೈ ಹಿಡಿದುಕೊಂಡರು. ಹುಡುಗ ಬೆಳಗ್ಗೆಯಿಂದ ಬಾಯಿ ಮುಚ್ಚಿಕೊಂಡಿದ್ದದ್ದು ಇದಕ್ಕೆ. ತನ್ನ ಹೆಸರು ಹೋದರೂ ಸರಿ, ಅವಳ ಕೈಯಿಂದ ಉಳಿ ಹೋಗಬಾರದು ಎಂದು.

ಯಜಮಾನರು ಒಳಗೆ ಹೋದರು. ತಮ್ಮ ಹಳೆಯ ಮೆತ್ತನೆಯ ಅಂಗಿಯಲ್ಲಿ ಸುತ್ತಿದ್ದ ಒಂದು ಗಂಟು ತಂದು ಮೇಜಿನ ಮೇಲೆ ಬಿಚ್ಚಿದರು. ಮಗಳ ಪಿಟೀಲು. ಒಂದು ಗೀರೂ ಆಗಿರಲಿಲ್ಲ.

"ಒಲೆಗೆ ಹಾಕಬೇಕು ಅಂತ ಎರಡು ಸಲ ತಗೊಂಡು ಹೋದೆ," ಎಂದರು. "ಕೈ ಬರಲಿಲ್ಲ. ಯಾಕೆ ಅಂತ ಈಗ ಗೊತ್ತಾಯ್ತು." ಅಂಚಿನ ಮೇಲೆ ಬೆರಳಾಡಿಸಿದರು. "ನನ್ನ ಬೆರಳು ಹೋದ ದಿನ ನೀನು ಕೂಗಿಕೊಂಡಿದ್ದು ಇನ್ನೂ ಕಿವಿಯಲ್ಲಿದೆ. ಆವತ್ತೇ ಅಂದ್ಕೊಂಡೆ, ಈ ಮಗುವಿನ ಕೈಗೆ ಉಳಿ ಕೊಡಲ್ಲ ಅಂತ. ನಿನಗೆ ಕಸುಬು ಬರಲ್ಲ ಅಂತ ಅಲ್ಲ ಪುಟ್ಟಾ. ಹೆದರಿಕೆ."

ಮಗಳು ಅಪ್ಪನ ಭುಜಕ್ಕೆ ಹಣೆ ಒತ್ತಿದಳು. ಕತ್ತರಿ ಮೂಗು ಸೊರ್ ಎನ್ನಿಸಿದಳು. ಅತ್ತೆ ಕನ್ನಡಕ ಒರೆಸುವ ನೆಪ ಮಾಡಿಕೊಂಡರು.

"ಸರಿ," ಎಂದರು ಯಜಮಾನರು. ನಿನ್ನೆಯಿಂದ ಮೊದಲ ಸಲ ದೊಡ್ಡವನ ಮುಖ ನೋಡಿದರು. "ಕೂಗಾಡಿದ್ದು ತಪ್ಪಾಯ್ತು. ಈಗ ಆ ತಾಯಿಯ ಪಿಟೀಲು ಕೊಡು."

"ಅದು ಅಂಗಡಿ ಬಿಟ್ಟು ಹೋಗೇ ಇಲ್ಲ ಯಜಮಾನರೇ." ದೊಡ್ಡವನು ಏಣಿಯ ಕಡೆ ನಡೆದ. ಹೆಜ್ಜೆಯಲ್ಲಿ ಹಗುರ ಬಂದಿತ್ತು. "ಅಟ್ಟದ ಮೇಲೆ ಹಳೇ ಚೆಲ್ಲೋ ವಾದ್ಯದ ಪೆಟ್ಟಿಗೆ ಇದೆಯಲ್ಲ, ಆಳೆತ್ತರದ್ದು, ಅದರೊಳಗೆ ಬಟ್ಟೆ ಸುತ್ತಿ ಮಲಗಿಸಿದ್ದೀನಿ. ನೀವು ಇಲ್ಲೇ ಕಾವಲು ಇದ್ರಲ್ಲ, ಏಣಿ ಹತ್ತೋಕೇ ಆಗಲಿಲ್ಲ."

ಹತ್ತಿದ. ಅಟ್ಟದ ಕತ್ತಲೊಳಗೆ ಸೊಂಟದವರೆಗೆ ಮರೆಯಾದ. ಕೆಳಗಿನವರಿಗೆ ಅವನ ಕಾಲು ಮಾತ್ರ ಕಾಣುತ್ತಿತ್ತು.

ಆ ಕಾಲು ಅಲ್ಲಾಡಲಿಲ್ಲ.

"ಏನಾಯ್ತೋ?" ಎಂದರು ಅತ್ತೆ.

"ಪೆಟ್ಟಿಗೆ ಇಲ್ಲ ಅತ್ತೆ." ಅವನ ದನಿ ಬಾವಿಯೊಳಗಿನಿಂದ ಬಂದಂತಿತ್ತು. "ಅದು ಇದ್ದ ಜಾಗದಲ್ಲಿ ಮಾತ್ರ ಧೂಳಿಲ್ಲ."

ಯಜಮಾನರ ಮುಖದಲ್ಲಿ ಆಗಷ್ಟೇ ಮೂಡಿದ್ದ ಬೆಳಕು ಆರಿತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ತೋರಿಕೆಯ ಕಳುವು ಹೋಗಿ ನಿಜವಾದ ಕಳುವೇ ಆಗಿತ್ತು. ಪಿಟೀಲನ್ನು ಅಲ್ಲಿ ಅಡಗಿಸಿಟ್ಟವನು ತಾನೇ ಎಂದು ದೊಡ್ಡವನು ಈಗ ಎಲ್ಲರ ಮುಂದೆ ಒಪ್ಪಿಕೊಂಡೂ ಆಗಿತ್ತು.

"ಅತ್ತೆ," ಎಂದಳು ಕತ್ತರಿ. "ಚೆಲ್ಲೋ ಪೆಟ್ಟಿಗೆ. ನಾನು ನೋಡಿದ್ದೀನಿ. ನಿನ್ನೆ ಇಡೀ ಸಭಾಂಗಣವೇ ನೋಡಿದೆ."

ಅವಳು ಚಿತ್ರವನ್ನು ಕೊನೆಗೆ ಓಡಿಸಿದಳು. ಮೂರನೇ ದಿನದ ಮುಸ್ಸಂಜೆ, ರಸ್ತೆಯ ಆಚೆ ಬದಿಯಿಂದ ತೆಗೆದ ಅಂಗಡಿಯ ಬಾಗಿಲು. ಒಳಗಿನ ದೀಪದ ಬೆಳಕಿಗೆ ಬೆನ್ನು ತಿರುಗಿಸಿ ಒಬ್ಬ ಮನುಷ್ಯ ಹೊರಗೆ ಬರುತ್ತಾನೆ. ಎರಡೂ ತೋಳಲ್ಲಿ ಆಳೆತ್ತರದ ಪೆಟ್ಟಿಗೆ. ಬರಿಯ ಕಪ್ಪು ಆಕಾರ, ಮುಖವಿಲ್ಲ. ಅವನು ತಿರುಗಲು ಹೊರಡುತ್ತಾನೆ, ಅಲ್ಲಿಗೆ ಚಿತ್ರ ಮುಗಿಯುತ್ತದೆ.

"ಯಾರೋ ಗಿರಾಕಿ ಅಂದ್ಕೊಂಡೆ. ಎಷ್ಟು ಚೆನ್ನಾಗಿದೆ ಅಂತ ಕೊನೆಗೆ ಇಟ್ಟೆ. ಆಗಲೂ ಕ್ಯಾಮೆರಾ ಹಚ್ಚಿಟ್ಟು ನೀರು ಕುಡಿಯೋಕೆ ಹೋಗಿದ್ದೆ."

"ಮುಖ ತಿರುಗೋ ಮೊದಲೇ ಯಾಕೆ ಕತ್ತರಿಸಿದೆ?"

"ಮುಂದೆ ಏನಿದೆ ಅಂತ ನಾನು ನೋಡಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಇಲ್ಲಿಗೆ ನಿಲ್ಲಿಸು ಅಂದ್ರು. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರೋನೇ ಒಳ್ಳೆ ಎಡಿಟರ್ ಮರಿ, ಅಂತ..."

ಮಾತು ಅರ್ಧಕ್ಕೆ ನಿಂತಿತು. ಅತ್ತೆಯ ಬೆರಳು ಪರದೆಯ ಮೇಲೆ ಹೋಗಿತ್ತು. "ಮತ್ತೆ ಹಾಕು. ಅವನ ಕಾಲು ನೋಡು."

ಕಪ್ಪು ಮನುಷ್ಯ ಹೊಸಿಲು ದಾಟಿದ. ಪೆಟ್ಟಿಗೆಯನ್ನು ಎದೆಗೊತ್ತಿಕೊಂಡ. ಹಿಮ್ಮಡಿಯಿಂದ ಬಾಗಿಲನ್ನು ಹಿಂದಕ್ಕೆ ಒದ್ದು ಮುಚ್ಚಿದ.

ಕತ್ತರಿ ಲ್ಯಾಪ್‌ಟಾಪಿನಿಂದ ಕೈ ತೆಗೆದಳು. ಸುಟ್ಟುಕೊಂಡವರಂತೆ ತೆಗೆದಳು. "ಇಲ್ಲ ಅತ್ತೆ," ಎಂದಳು. "ಅವರು ಅಲ್ಲ. ಅವರು ಹಾಗೆ ಮಾಡಲ್ಲ."

ಅತ್ತೆ ಅವಳನ್ನು ತಮ್ಮತ್ತ ಎಳೆದುಕೊಂಡರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನಿನ್ನೆ ನಿನ್ನ ಅಣ್ಣನ ವಿಷಯದಲ್ಲಿ ಆದ ತಪ್ಪು ಇವತ್ತು ನಾವು ಇನ್ನೊಬ್ಬರಿಗೆ ಮಾಡೋದು ಬೇಡ. ಮುಖ ನೋಡೇ ಹೇಳೋಣ. ನೀನು ಕತ್ತರಿಸಿ ಬಿಟ್ಟ ತುಣುಕು ಹಾಕು."

ಕತ್ತರಿ ಹಾಕಲಿಲ್ಲ. ತಲೆ ಎತ್ತಿ ಅತ್ತೆಯ ಮುಖ ನೋಡಿದಳು.

"ಅದು ಇದರಲ್ಲಿ ಇಲ್ಲ ಅತ್ತೆ. ಡಿಸ್ಕಿನಲ್ಲಿದೆ. ಅಣ್ಣನ ಕಣ್ಣಿನ ಕ್ಲಿಪ್ಪೂ ಅದರಲ್ಲೇ ಇದೆ." ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಬರೋವಾಗ ನಾನೇ ನನ್ನ ಕೈಯಾರೆ ಅವರಿಗೆ ಕೊಟ್ಟು ಬಂದೆನಲ್ಲ."